ಮಕ್ಕಳ ಕೈಗೆ ಚುಕ್ಕಾಣಿ

ಆಕ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾನೆ. ಅವನ ಒಂಬತ್ತು ವರ್ಷದ ಮಗಳು ಹಾಯಿದೋಣಿ ನಡೆಸುವುದನ್ನು ಕಲಿಯಬೇಕೆಂದು ಹಟ ಹಿಡಿದಿದ್ದಾಳಂತೆ. ಊರಿನಲ್ಲಿರುವ ಅಜ್ಜಿ ಮಾತ್ರ "ಹೆಣ್ಣುಮಗುವನ್ನು ನೀರಿಗೆ ಬಿಡಬೇಡಿ" ಎಂದು ಫೋನಿನಲ್ಲಿಯೇ ಕಣ್ಣೀರಿಟ್ಟರಂತೆ. "ಸರ್, ನೀವೇನು ಹೇಳುತ್ತೀರಿ?" ಎಂಬುದು ಅವನ ಪ್ರಶ್ನೆ. ಮೊದಲು ಈಜು ಕಲಿಸು, ಆಮೇಲೆ ಧೈರ್ಯವಾಗಿ ದೋಣಿ ಹತ್ತಿಸು ಎಂದು ಎರಡು ಸಾಲಿನ ಉತ್ತರ ಕಳುಹಿಸಿದೆ. ಆದರೆ ಈ ವಿಷಯ ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಕರಾವಳಿಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಇದರ ಬಗ್ಗೆ ಹೇಳಲೇಬೇಕಾದ ಕೆಲವು ಮಾತುಗಳಿವೆ.

ಆತ್ಮವಿಶ್ವಾಸವೆಂಬುದು ಹೊಗಳಿಕೆಯಿಂದ ಬರುವುದಿಲ್ಲ. "ನೀನು ಜಾಣ, ನಿನ್ನಿಂದಾಗುತ್ತದೆ" ಎಂದು ನೂರು ಬಾರಿ ಹೇಳಿದರೂ ಮಗುವಿಗೆ ಒಳಗೊಳಗೇ ಅನುಮಾನ ಉಳಿದಿರುತ್ತದೆ. ಹೇಳುತ್ತಿರುವವರು ತನ್ನ ಅಪ್ಪನೋ ಅಮ್ಮನೋ ಮೇಷ್ಟರೋ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ದೊಡ್ಡವರ ಪ್ರೀತಿಯಾಗಲಿ ಕೋಪವಾಗಲಿ ಬದಲಾಯಿಸಲಾಗದಂಥ ಒಂದು ಕೆಲಸವನ್ನು ತಾನೇ ಕೈಯಾರೆ ಮಾಡಿ ಮುಗಿಸಿದಾಗ ಮಾತ್ರ ಆ ಅನುಮಾನ ಹೋಗುತ್ತದೆ. ಹಾಯಿದೋಣಿ ಅಂಥದೊಂದು ಕೆಲಸ.

ಮಕ್ಕಳು ಕಲಿಯುವ ದೋಣಿಯನ್ನು ನೋಡದವರಿಗಾಗಿ ಅದರ ವಿವರ ಹೇಳುತ್ತೇನೆ. ಜಗತ್ತಿನ ಬಹುಪಾಲು ದೇಶಗಳಲ್ಲಿ ಮಕ್ಕಳು ಮೊದಲು ಹತ್ತುವುದು 'ಆಪ್ಟಿಮಿಸ್ಟ್' ಎಂಬ ಪುಟ್ಟ ದೋಣಿಯನ್ನು. 1947ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕಟ್ಟುವಾತ ಇದನ್ನು ರೂಪಿಸಿದ. ಸಾಮಾನ್ಯ ಮನೆಯ ಮಕ್ಕಳಿಗೂ ಕೈಗೆಟುಕುವ, ಪ್ಲೈವುಡ್ ಹಲಗೆಯಿಂದ ಮನೆಯಲ್ಲೇ ಮಾಡಿಕೊಳ್ಳಬಹುದಾದ ದೋಣಿ ಬೇಕೆಂಬುದು ಆ ಊರವರ ಬೇಡಿಕೆಯಾಗಿತ್ತು. ಉದ್ದ ಎಂಟು ಅಡಿಗೂ ತುಸು ಕಡಿಮೆ, ತೂಕ 35 ಕಿಲೋಗ್ರಾಮ್. ಒಂದೇ ಹಾಯಿ, ಒಂದೇ ಹಗ್ಗ, ಒಂದು ಚುಕ್ಕಾಣಿ, ಒಬ್ಬನೇ ಸವಾರ. ಮೂತಿ ಚಪ್ಪಟೆಯಾಗಿದ್ದು ನೋಡಲು ಸ್ನಾನದ ತೊಟ್ಟಿಯಂತಿರುತ್ತದೆ. ಹದಿನೈದು ವರ್ಷದವರೆಗಿನ ಮಕ್ಕಳು ಇದರಲ್ಲಿ ಸ್ಪರ್ಧಿಸುತ್ತಾರೆ.

ಈ ತೊಟ್ಟಿಯಲ್ಲಿ ಕುಳಿತ ಮಗು ಮೊದಲ ದಿನವೇ ತಿಳಿದುಕೊಳ್ಳುವ ಸಂಗತಿಯೆಂದರೆ, ಗಾಳಿ ಬರುವ ದಿಕ್ಕಿಗೆ ದೋಣಿ ನೇರವಾಗಿ ಹೋಗದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಯುತ್ತ, ಹಾವಿನ ನಡೆಯಂತೆ ಅಂಕುಡೊಂಕಾಗಿ ಮುನ್ನಡೆಯಬೇಕು. ಹಾಯಿಯು ಗಾಳಿಯ ಹರಿವನ್ನು ತಿರುಗಿಸಿ ದೋಣಿಯನ್ನು ಎಳೆಯುತ್ತದೆ. ನಡುವೆ ನೀರಿನೊಳಕ್ಕೆ ಇಳಿಬಿಟ್ಟ ಹಲಗೆ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಈ ಎರಡು ಬಲಗಳ ಫಲವೇ ಮುನ್ನಡೆ. ಸದಿಶಗಳ ಸಂಕಲನವನ್ನು ನಾನು ಕಪ್ಪುಹಲಗೆಯ ಮೇಲೆ ಬಾಣಗಳನ್ನೆಳೆದು ಎಷ್ಟೋ ತಂಡಗಳಿಗೆ ಕಲಿಸಿದ್ದೇನೆ. ನಿಮ್ಮಲ್ಲಿ ಹಲವರಿಗೆ ಅದು ಎಷ್ಟು ತಲೆನೋವಾಗಿತ್ತೆಂಬುದೂ ನೆನಪಿದೆ. ಹತ್ತು ವರ್ಷದ ಮಗು ಅದೇ ಪಾಠವನ್ನು ಅಂಗೈಯಲ್ಲಿ ಹಿಡಿದ ಹಗ್ಗದ ಸೆಳೆತದಿಂದ ತಿಳಿಯುತ್ತದೆ.

ಎರಡನೆಯ ಸಂಗತಿ ಇನ್ನೂ ದೊಡ್ಡದು. ಮಗುಚಿಕೊಳ್ಳುವುದು ಇಲ್ಲಿ ಪಾಠದ ಒಂದು ಭಾಗ. ಒಳ್ಳೆಯ ತರಬೇತುದಾರರು ಮಗುವನ್ನು ದೂರ ಬಿಡುವ ಮೊದಲೇ, ದಡದ ಹತ್ತಿರ, ಬೇಕೆಂದೇ ದೋಣಿಯನ್ನು ಮಗುಚಿಸುತ್ತಾರೆ. ಜೀವರಕ್ಷಕ ಜಾಕೆಟ್ ತೊಟ್ಟ ಮಗು ನೀರಿಗೆ ಬೀಳುತ್ತದೆ, ಈಜಿ ದೋಣಿಯ ಅಡಿಭಾಗಕ್ಕೆ ಬರುತ್ತದೆ, ಆ ನಡುಹಲಗೆಯ ಮೇಲೆ ತನ್ನ ಭಾರ ಹಾಕಿ ದೋಣಿಯನ್ನು ಎಬ್ಬಿಸುತ್ತದೆ, ಒಳಗೆ ಹತ್ತಿ ಬಕೆಟ್ಟಿನಿಂದ ನೀರು ಮೊಗೆದು ಚೆಲ್ಲುತ್ತದೆ. ಒಳಗೆ ಕಟ್ಟಿರುವ ಗಾಳಿಚೀಲಗಳಿಂದಾಗಿ ದೋಣಿ ಮುಳುಗುವುದಿಲ್ಲ. ಈ ಕ್ರಮವನ್ನು ನಾಲ್ಕಾರು ಬಾರಿ ಮಾಡಿದ ಮಗುವಿಗೆ ಬೀಳುವ ಭಯ ಹೋಗುತ್ತದೆ. ಬಿದ್ದ ಮೇಲೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆಯಲ್ಲ!

ಇದನ್ನು ನಮ್ಮ ಪರೀಕ್ಷೆಗಳೊಂದಿಗೆ ಹೋಲಿಸಿ ನೋಡಿ. ನಮ್ಮಲ್ಲಿ ತಪ್ಪು ಮಾಡಿದ ಮಗುವಿಗೆ ಅದರ ಫಲ ಗೊತ್ತಾಗುವುದು ಎಷ್ಟೋ ವಾರಗಳ ಮೇಲೆ, ಕೆಂಪು ಶಾಯಿಯಲ್ಲಿ, ನಲವತ್ತು ಮಂದಿಯ ಎದುರಿಗೆ. ದೋಣಿಯಲ್ಲಿ ಹಗ್ಗ ಹೆಚ್ಚು ಬಿಗಿದರೆ ಆ ಕ್ಷಣವೇ ದೋಣಿ ವಾಲುತ್ತದೆ, ಸಡಿಲಿಸಿದರೆ ನೆಟ್ಟಗಾಗುತ್ತದೆ. ಗಾಳಿಗೆ ಯಾರ ಮೇಲೂ ಹಗೆಯಿಲ್ಲ, ಮೋಹವೂ ಇಲ್ಲ. ಅದು ಕೃಪಾಂಕ ಕೊಡುವುದಿಲ್ಲ; ಅಪ್ಪನ ಹೆಸರು, ಜಾತಿ, ಮನೆಯಲ್ಲಿ ಇಂಗ್ಲಿಷ್ ಮಾತನಾಡುತ್ತಾರೋ ಇಲ್ಲವೋ ಎಂಬುದನ್ನು ಕೇಳುವುದಿಲ್ಲ. ತರಗತಿಯಲ್ಲಿ 'ದಡ್ಡ' ಎಂದು ಕರೆಸಿಕೊಂಡ ಮಗುವಿಗೆ ಇಂಥ ನಿಷ್ಪಕ್ಷಪಾತಿಯಾದ ಪರೀಕ್ಷಕ ಎಷ್ಟು ದೊಡ್ಡ ಬಿಡುಗಡೆಯೆಂಬುದನ್ನು ಕೊನೆಯ ಬೆಂಚಿನಲ್ಲಿ ಕುಳಿತವರು ಮಾತ್ರ ಬಲ್ಲರು.

ಶಿಕ್ಷಣ ಚಿಂತಕ ಕರ್ಟ್ ಹಾನ್ ಈ ಸತ್ಯವನ್ನು ಕಂಡುಕೊಂಡಿದ್ದ. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ವೇಲ್ಸ್‌ನ ಅಬರ್ಡೋವಿಯಲ್ಲಿ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆಗೂಡಿ ಅವನು 'ಔಟ್‌ವರ್ಡ್ ಬೌಂಡ್' ಶಾಲೆಯನ್ನು ತೆರೆದ. ಹಡಗು ಒಡೆದಾಗ ಬಲಿಷ್ಠ ತರುಣರಿಗಿಂತ ಹಾಯಿಹಡಗುಗಳಲ್ಲಿ ಪಳಗಿದ್ದ ಹಿರಿಯ ನಾವಿಕರೇ ಹೆಚ್ಚಾಗಿ ಬದುಕುಳಿಯುತ್ತಾರೆಂಬುದು ಹೋಲ್ಟ್‌ನ ನಂಬಿಕೆಯಾಗಿತ್ತು. ತೋಳಿನ ಬಲಕ್ಕಿಂತ 'ನಾನು ಇದನ್ನು ದಾಟಬಲ್ಲೆ' ಎಂಬ ಅನುಭವದ ಬಲ ದೊಡ್ಡದೆಂದು ಅವರು ಅರಿತರು. ಅಲ್ಲಿಗೆ ಬಂದ ಹುಡುಗರೆಲ್ಲ ನಾವಿಕರಾಗಲಿಲ್ಲ, ಆಗಬೇಕೆಂಬ ಉದ್ದೇಶವೂ ಇರಲಿಲ್ಲ. ಕಡಲು ಅಲ್ಲಿ ಪಠ್ಯಪುಸ್ತಕವಾಗಿತ್ತು, ಅಷ್ಟೆ.

ಇನ್ನು 'ನಾನು ಯಾರು' ಎಂಬ ಪ್ರಶ್ನೆ. ಆಕ್ಲೆಂಡಿನಲ್ಲಿ ಬೆಳೆಯುವ ಕನ್ನಡದ ಮಗುವಿಗೂ ಈ ಪ್ರಶ್ನೆಯಿದೆ, ಗಂಗೊಳ್ಳಿಯ ಬಂದರಿನಲ್ಲಿ ಬೆಳೆಯುವ ಮಗುವಿಗೂ ಇದೆ. ಇದಕ್ಕೆ ದೋಣಿ ಹೇಗೆ ಉತ್ತರವಾದೀತು ಎಂಬುದಕ್ಕೆ ಹವಾಯಿ ದ್ವೀಪಗಳ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹವಾಯಿಯ ಮೂಲನಿವಾಸಿಗಳ ಭಾಷೆಯನ್ನು 1896ರ ಕಾನೂನು ಶಾಲೆಗಳಿಂದ ಹೊರಗಟ್ಟಿತು. ಮಕ್ಕಳು ತಮ್ಮ ಅಜ್ಜಿಯ ಮಾತನ್ನಾಡಲು ನಾಚುವಂತಾಯಿತು. ಅವರ ಪೂರ್ವಿಕರು ಅಷ್ಟು ದೊಡ್ಡ ಸಾಗರವನ್ನು ಉದ್ದೇಶಪೂರ್ವಕವಾಗಿ ದಾಟಿ ಬಂದವರಲ್ಲ, ಗಾಳಿಗೆ ಸಿಕ್ಕಿ ತೇಲಿಬಂದವರು ಎಂದು ಕೆಲವು ವಿದ್ವಾಂಸರು ಬರೆದರು. ಇದಕ್ಕೆ ಉತ್ತರ ಹುಡುಕಲು 1973ರಲ್ಲಿ ಕೆಲವರು ಸೇರಿ ಒಂದು ಸಂಘ ಕಟ್ಟಿಕೊಂಡು, ಹಳೆಯ ಮಾದರಿಯ ಜೋಡುದೋಣಿಯೊಂದನ್ನು ನಿರ್ಮಿಸಿದರು. 1975ರಲ್ಲಿ ನೀರಿಗಿಳಿದ ಆ ದೋಣಿಯ ಹೆಸರು 'ಹೋಕುಲೇಆ'. ಆನಂದದ ನಕ್ಷತ್ರ ಎಂಬುದು ಆ ಹೆಸರಿನ ಅರ್ಥ. ಅದು ಬೇರೆ ಯಾವುದೂ ಅಲ್ಲ, ನಮ್ಮ ಸ್ವಾತಿ ನಕ್ಷತ್ರವೇ! ಹವಾಯಿಯಲ್ಲಿ ಸ್ವಾತಿ ಹೆಚ್ಚುಕಡಿಮೆ ನಡುನೆತ್ತಿಯ ಮೇಲೆ ಹಾಯುತ್ತದೆ. ಆದುದರಿಂದ ದಕ್ಷಿಣದಿಂದ ಮರಳುವ ನಾವಿಕನಿಗೆ ಸ್ವಾತಿ ನೆತ್ತಿಗೆ ಬಂದಿತೆಂದರೆ ಮನೆಯ ಅಕ್ಷಾಂಶ ಬಂದಿತೆಂದೇ ಅರ್ಥ.

ದೋಣಿಯೇನೋ ಸಿದ್ಧವಾಯಿತು, ಉಪಕರಣಗಳಿಲ್ಲದೆ ನಕ್ಷತ್ರ, ಅಲೆ, ಹಕ್ಕಿಗಳನ್ನು ನೋಡಿ ದಾರಿ ಕಾಣುವ ವಿದ್ಯೆ ಹವಾಯಿಯಲ್ಲಿ ಯಾರಿಗೂ ಉಳಿದಿರಲಿಲ್ಲ. ಮೈಕ್ರೋನೇಷ್ಯಾದ ಸತವಾಲ್ ಎಂಬ ಪುಟ್ಟ ದ್ವೀಪದ ಮೌ ಪಿಯಾಯ್‌ಲುಗ್ ಎಂಬಾತನಿಗೆ ಗೊತ್ತಿತ್ತು. ಅವನಿಗೆ ಅದನ್ನು ಎಳವೆಯಲ್ಲಿಯೇ ಕಲಿಸಿದವನು ಅವನ ಅಜ್ಜ. ತನ್ನ ದ್ವೀಪದ ಹುಡುಗರೇ ಈ ವಿದ್ಯೆಯಿಂದ ದೂರ ಸರಿಯುತ್ತಿದ್ದುದನ್ನು ಕಂಡಿದ್ದ ಮೌ, ಪರಕೀಯರಿಗೆ ಕಲಿಸಬಾರದೆಂಬ ಸಂಪ್ರದಾಯವನ್ನು ಮೀರಿ ಹವಾಯಿಗೆ ಬಂದ. 1976ರ ಮೇ ತಿಂಗಳಲ್ಲಿ ಹೊರಟ ಹೋಕುಲೇಆ ಸುಮಾರು 4,000 ಕಿಲೋಮೀಟರ್ ದಾರಿಯನ್ನು ದಿಕ್ಸೂಚಿಯಿಲ್ಲದೆ ಕ್ರಮಿಸಿ ಜೂನ್ ಮೊದಲ ವಾರದಲ್ಲಿ ತಾಹಿತಿಯನ್ನು ತಲುಪಿತು. ದಡದಲ್ಲಿ ಹದಿನೇಳು ಸಾವಿರದಷ್ಟು ಜನ ಕಾದಿದ್ದರು.

ಎರಡು ವರ್ಷಗಳ ಅನಂತರ ನಡೆದುದು ದುಃಖದ ಸಂಗತಿ. 1978ರಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿಕೊಂಡಿತು. ನೆರವು ತರಲು ಅಲೆಹಲಗೆಯ ಮೇಲೆ ಹೊರಟ ಎಡ್ಡಿ ಐಕೌ ಎಂಬ ಧೀರ ತರುಣ ಮರಳಿ ಬರಲೇ ಇಲ್ಲ. ಇಲ್ಲಿಗೆ ಎಲ್ಲವನ್ನೂ ನಿಲ್ಲಿಸಬಹುದಾಗಿತ್ತು. ಆದರೆ ಅವರು ನಿಲ್ಲಿಸಲಿಲ್ಲ. ಮೌನನ್ನು ಮತ್ತೆ ಕರೆಸಿಕೊಂಡು ಶ್ರದ್ಧೆಯಿಂದ ಕಲಿತರು. ಜೊತೆಗೆ ಬೆಂಗಾವಲು ದೋಣಿಯನ್ನಿಟ್ಟುಕೊಂಡರು. 1980ರಲ್ಲಿ ನೈನೋವಾ ಥಾಂಪ್ಸನ್ ಎಂಬ ಹವಾಯಿಯ ಯುವಕನೇ ದಾರಿ ತೋರಿ ತಾಹಿತಿಗೆ ಹೋಗಿಬಂದ. ಈ ನಡುವೆ, 1978ರಲ್ಲಿ, ಹವಾಯಿ ಭಾಷೆಗೆ ರಾಜ್ಯದ ಅಧಿಕೃತ ಸ್ಥಾನ ದೊರೆಯಿತು. 1984ರಲ್ಲಿ ಆ ಭಾಷೆಯಲ್ಲಿಯೇ ನಡೆಯುವ ಶಿಶುವಿಹಾರ ತೆರೆಯಿತು. ಇದೆಲ್ಲವೂ ಒಂದು ದೋಣಿಯಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ 'ನಮ್ಮ ಅಜ್ಜಂದಿರು ತೇಲಿಬಂದವರಲ್ಲ, ದಾರಿ ಬಲ್ಲವರು' ಎಂಬುದನ್ನು ಒಂದು ಜನಾಂಗದ ಮಕ್ಕಳು ಕಣ್ಣಾರೆ ಕಂಡರಲ್ಲ, ಅದರ ಬೆಲೆ ಯಾವ ಭಾಷಣಕ್ಕೂ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ನಾನು ಕೆಲಸ ಮಾಡಿದ ಊರುಗಳಲ್ಲಿ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮನೆಗಳ ಮಕ್ಕಳು ನೂರಾರು ಮಂದಿ. ಆ ಮಕ್ಕಳನ್ನು ಹೆದರಿಸಲು ಶಾಲೆಗಳಲ್ಲಿ ಬಳಸುತ್ತಿದ್ದ ಒಂದು ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ: "ಓದದಿದ್ದರೆ ಬಲೆ ಎಳೆಯಲು ಹೋಗಬೇಕಾದೀತು, ನೋಡು." ಹೇಳುವವರ ಉದ್ದೇಶ ಕೆಟ್ಟದ್ದಲ್ಲ, ನಿಜ. ಆದರೆ ಕೇಳಿಸಿಕೊಳ್ಳುವ ಮಗುವಿನ ಅಪ್ಪ ಆ ಹೊತ್ತಿನಲ್ಲಿ ಬಲೆಯನ್ನೇ ಎಳೆಯುತ್ತಿರುತ್ತಾನೆ! ಅಪ್ಪನ ಬಾಳು ಶಿಕ್ಷೆಯೆಂದು ದಿನವೂ ಕೇಳುವ ಮಗುವಿಗೆ ತನ್ನ ಬಗ್ಗೆ ಎಂಥ ಅಭಿಮಾನ ಬೆಳೆದೀತು?

ಅಂಥ ಹುಡುಗನೊಬ್ಬ ಒಂಬತ್ತನೆಯ ತರಗತಿಯಲ್ಲಿದ್ದ. ಯಾವ ಪರೀಕ್ಷೆಯಲ್ಲಿಯೂ ಮೂವತ್ತೈದು ದಾಟಿದವನಲ್ಲ. ಒಂದು ದಿನ ನೆಲಗಾಳಿ, ಕಡಲಗಾಳಿಗಳ ಪಾಠ ನಡೆಯುತ್ತಿತ್ತು. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹಗಲು ಅದಕ್ಕೆ ವಿರುದ್ಧ ಎಂದು ನಾನು ಚಿತ್ರ ಬರೆಯುತ್ತಿದ್ದೆ. ಆತ ಎದ್ದುನಿಂತು, "ಸರ್, ಚಳಿಗಾಲದಲ್ಲಿ ಮೂಡುಗಾಳಿ ಬೆಳಿಗ್ಗೆ ಹತ್ತು ಗಂಟೆಯವರೆಗೂ ಇರುತ್ತದೆ. ನಮ್ಮ ಅಜ್ಜ ಹಾಯಿಯ ಕಾಲದಲ್ಲಿ ಅದನ್ನೇ ಹಿಡಿದು ಹೊರಗೆ ಹೋಗಿ, ಮಧ್ಯಾಹ್ನದ ಪಡುಗಾಳಿಗೆ ದಡಕ್ಕೆ ಬರುತ್ತಿದ್ದರು" ಎಂದ. ಅವನನ್ನು ಮುಂದಕ್ಕೆ ಕರೆದು ಉಳಿದ ಅರ್ಧ ಗಂಟೆ ಅವನಿಂದಲೇ ಪಾಠ ಮಾಡಿಸಿದೆ. ಅಂದಿನಿಂದ ಅವನು ತರಗತಿಯಲ್ಲಿ ತಲೆಯೆತ್ತಿ ಕುಳಿತುಕೊಳ್ಳತೊಡಗಿದ. ಎಸ್.ಎಸ್.ಎಲ್.ಸಿ.ಯಲ್ಲಿ ಅವನೇನೂ ಪವಾಡ ಮಾಡಲಿಲ್ಲ. ಈಗ ಮೀನುಗಾರಿಕೆ ದೋಣಿಯೊಂದರ ತಾಂಡೇಲನಾಗಿ ಏಳೆಂಟು ಜನರ ಜೀವದ ಹೊಣೆ ಹೊತ್ತಿದ್ದಾನೆ. ಸಿಕ್ಕಾಗಲೆಲ್ಲ ಆ ಅರ್ಧ ಗಂಟೆಯನ್ನು ನೆನೆಯುತ್ತಾನೆ. ಹತ್ತು ವರ್ಷಗಳ ಶಾಲಾ ಜೀವನದಲ್ಲಿ ಅವನ ಮನೆಯ ವಿದ್ಯೆಗೆ ದೊರೆತ ಮನ್ನಣೆ ಬರೀ ಅರ್ಧ ಗಂಟೆ ಎಂಬುದು ನನ್ನನ್ನು ಇಂದಿಗೂ ಕಾಡುವ ಲೆಕ್ಕ.

ಹಾಗೆ ನೋಡಿದರೆ ಕಸುಬಿನ ಅಭಿಮಾನ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಪಾಲು ಮಂದಿ ತಮ್ಮ ಇಷ್ಟದೈವದ ಹೆಸರನ್ನು ವಚನಗಳ ಅಂಕಿತವಾಗಿಸಿಕೊಂಡರೆ, ಅಂಬಿಗರ ಚೌಡಯ್ಯ ಕಸುಬಿನೊಡನೆ ಕೂಡಿದ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ. ಹುಟ್ಟು ಹಾಕುವವನು ತಾನೆಂದು ಎದೆ ಸೆಟೆಸಿ ಹೇಳಿದವನ ನಾಡಿನಲ್ಲಿ ಅವನ ವಂಶದ ಮಕ್ಕಳು ಕಸುಬಿನ ಹೆಸರು ಹೇಳಲು ನಾಚುವಂತಾದುದು ವಿಷಾದದ ಸಂಗತಿ.

ಇದರ ಜೊತೆಗೆ ಇನ್ನೊಂದು ನಷ್ಟವೂ ನಡೆದಿದೆ. 1970ರ ದಶಕದ ನಡುವಿನಿಂದ ಪರ್ಸೀನ್ ದೋಣಿಗಳು ಬಂದು ನಮ್ಮ ರಂಪಣಿ ಬಲೆಗಳು ಮೂಲೆ ಸೇರಿದವು. ಯಂತ್ರ ಬಂದ ಮೇಲೆ ಹಾಯಿ ಹೋಯಿತು. ಹಾಯಿಯೊಂದಿಗೆ ಗಾಳಿಯ ಹೆಸರುಗಳು, ನೀರಿನ ಬಣ್ಣ ನೋಡಿ ಆಳ ಹೇಳುವ ಕಣ್ಣು, ನಕ್ಷತ್ರ ನೋಡಿ ಹೊತ್ತು ಹೇಳುವ ರೂಢಿ ಎಲ್ಲವೂ ಸವೆಯುತ್ತ ಬಂದವು. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಹೊಟ್ಟೆಪಾಡಿನ ಮಾತು ಬೇರೆ. ಆದರೆ ಆ ವಿದ್ಯೆ ಬಲ್ಲ ಅಜ್ಜಂದಿರು ಇನ್ನೂ ಕೆಲವರು ಬದುಕಿದ್ದಾರೆ. ಅವರು ಹೋದ ಮೇಲೆ ನಮಗೆ ಯಾವ ಸತವಾಲ್ ದ್ವೀಪದಿಂದ ಗುರು ಬಂದಾನು?

"ಇದೆಲ್ಲ ಶ್ರೀಮಂತರ ಶೋಕಿ" ಎಂಬುದು ನಾನು ಕೇಳುವ ಮೊದಲ ಆಕ್ಷೇಪ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿ ಸ್ಪರ್ಧೆಯ ಬೆಳ್ಳಿ ಪದಕ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಆಗ ಅವಳಿಗೆ ಹದಿನೇಳು ವರ್ಷ. ಕಡಲೇ ಇಲ್ಲದ ರಾಜ್ಯದ ಹುಡುಗಿ ಭೋಪಾಲದ ಕೆರೆಯಲ್ಲಿ ಕಲಿತು ಗೆದ್ದಳು. ಹೈದರಾಬಾದಿನ ಹುಸೇನ್ ಸಾಗರದಲ್ಲಿ 2009ರಲ್ಲಿ ಆರಂಭವಾದ ಯಾಟ್ ಕ್ಲಬ್ಬು ಬಡಮನೆಗಳ ಮಕ್ಕಳನ್ನು ಹುಡುಕಿ ತಂದು ಕಲಿಸುತ್ತ ಬಂದಿದೆ. ಮೂರು ಕರಾವಳಿ ಜಿಲ್ಲೆಗಳೂ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕಡಲತೀರವೂ ಉಳ್ಳ ನಾವು ಇದನ್ನು ನೋಡಿ ಕಲಿಯಬೇಡವೇ?

"ಹೆಣ್ಣುಮಕ್ಕಳಿಗೇಕೆ?" ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟ ನಮ್ಮ ನೌಕಾಪಡೆಯ ಆರು ಮಹಿಳೆಯರು 'ತಾರಿಣಿ' ಎಂಬ ಹಾಯಿನೌಕೆಯಲ್ಲಿ ಭೂಮಂಡಲವನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಅದೇ ನೌಕೆಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರಿನಿಂದ 2025ರ ಮೇ ವರೆಗೆ ಮತ್ತೊಮ್ಮೆ ಜಗತ್ತನ್ನು ಸುತ್ತಿ ಬಂದರು.

ಮೂರನೆಯದು ಅಪಾಯದ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಶಿಕ್ಷಕನಾಗಿದ್ದವನಿಗೆ ಎಲ್ಲ ಮಕ್ಕಳೂ ತನ್ನ ತರಗತಿಯವರೇ. ಇಂಥ ದುರಂತವಾದಾಗಲೆಲ್ಲ ನಾವು ಮಾಡುವುದು ಒಂದೇ ಕೆಲಸ: ನೀರಿನ ಹತ್ತಿರ ಹೋಗಬೇಡಿ ಎಂದು ಆಜ್ಞೆ ಹೊರಡಿಸುವುದು. ಆಜ್ಞೆ ಆ ಹೊತ್ತಿಗೆ ಅಗತ್ಯವೇ ಇರಬಹುದು. ಆದರೆ ಮಕ್ಕಳು ಎಂದಾದರೊಂದು ದಿನ ನೀರಿನ ಹತ್ತಿರ ಹೋಗಿಯೇ ಹೋಗುತ್ತಾರೆ. ಆ ದಿನ ಅವರನ್ನು ಕಾಯುವುದು ಆಜ್ಞೆಯಲ್ಲ, ತಿಳಿವಳಿಕೆ. ನೀರನ್ನು ಬಲ್ಲ ಮಗು ನೀರಿಗೆ ಹೆಚ್ಚು ಹೆದರುತ್ತದೆ, ಹೆದರಬೇಕಾದ ಕಡೆಯಲ್ಲಿ ಮಾತ್ರ. ಗಾಳಿ ನೋಡಿ "ಇಂದು ಬೇಡ" ಎನ್ನುವುದೂ ನಾವಿಕನ ವಿದ್ಯೆಯ ಒಂದು ಅಂಗ. ಎಡ್ಡಿ ಐಕೌ ತೀರಿಕೊಂಡ ಮೇಲೆ ಹವಾಯಿಯವರು ಮಾಡಿದ್ದನ್ನು ನೆನಪಿಸಿಕೊಳ್ಳಿ: ಅವರು ಕಡಲನ್ನು ಬಿಡಲಿಲ್ಲ, ಕಲಿಕೆಯನ್ನು ಬಿಗಿಗೊಳಿಸಿದರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ದೋಣಿಗೆ ಮಾಂತ್ರಿಕ ಶಕ್ತಿಯೇನೂ ಇಲ್ಲ. ದಡದಲ್ಲಿ ನಿಂತು ಕಿರುಚುವ ತರಬೇತುದಾರನೂ ಪದಕಕ್ಕಾಗಿ ಪೀಡಿಸುವ ತಂದೆತಾಯಿಯೂ ಇದ್ದರೆ ಹಾಯಿದೋಣಿಯೂ ಟ್ಯೂಷನ್ ಕೊಠಡಿಯೇ ಆಗುತ್ತದೆ. ಮಗು ತಾನೇ ನಿರ್ಧರಿಸಬೇಕು, ತಾನೇ ಮಗುಚಿಕೊಂಡು ತಾನೇ ಏಳಬೇಕು. ದೊಡ್ಡವರು ರಕ್ಷಣಾ ದೋಣಿಯಲ್ಲಿ ಸುಮ್ಮನೆ ಕಾದಿರಬೇಕು. ಸುಮ್ಮನಿರುವುದೇ ಶಿಕ್ಷಕನಿಗೆ ಅತ್ಯಂತ ಕಷ್ಟದ ವಿದ್ಯೆಯೆಂಬುದನ್ನು ನಾನು ಬಲ್ಲೆ.

ಹಾಗಾದರೆ ಏನು ಮಾಡಬಹುದು? ನನ್ನ ಸಲಹೆಗಳು ದೊಡ್ಡವಲ್ಲ. ಕರಾವಳಿಯ ಪ್ರತಿಯೊಂದು ಶಾಲೆಯಲ್ಲಿಯೂ ಮೊದಲು ಈಜು ಕಡ್ಡಾಯವಾಗಲಿ. ದೋಣಿ ಕಲಿಸಲು ತೆರೆದ ಕಡಲೇ ಬೇಕೆಂದಿಲ್ಲ. ಕಾಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿಗಳ ಅಳಿವೆಯ ಒಳಭಾಗದಲ್ಲಿ, ಮಳೆಗಾಲ ಕಳೆದ ಮೇಲೆ, ಶಾಂತವಾದ ನೀರು ತಿಂಗಳುಗಟ್ಟಲೆ ಇರುತ್ತದೆ. ಎನ್.ಸಿ.ಸಿ.ಯ ನೌಕಾ ವಿಭಾಗ ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಈಗಾಗಲೇ ಇದೆ. ಹುಟ್ಟು ಹಾಕುವುದು, ಹಾಯಿ ಕಟ್ಟುವುದು ಅದರ ಪಾಠಗಳಲ್ಲಿ ಸೇರಿವೆ. ಅದನ್ನು ಇನ್ನಷ್ಟು ಪ್ರೌಢಶಾಲೆಗಳಿಗೆ ವಿಸ್ತರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಾಯಿಯ ಕಾಲ ಕಂಡ ಹಿರಿಯ ಮೀನುಗಾರರನ್ನು ಗೌರವಧನ ಕೊಟ್ಟು ಶಾಲೆಗೆ ಕರೆಯಿರಿ. ಅವರನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ, ಮಕ್ಕಳಿಂದ "ಸರ್" ಎಂದು ಕರೆಯಿಸಿರಿ. ಗಾಳಿಗಳ ಹೆಸರು, ಮೀನಿನ ಕಾಲ, ಅಳಿವೆ ದಾಟುವ ಕ್ರಮ, ಇವನ್ನೆಲ್ಲ ಮಕ್ಕಳೇ ಕೇಳಿ ಬರೆದುಕೊಳ್ಳಲಿ. ತನ್ನ ಅಜ್ಜ ಮೇಷ್ಟರ ಕುರ್ಚಿಯಲ್ಲಿ ಕುಳಿತುದನ್ನು ಕಂಡ ಮಗುವಿಗೆ 'ನಾನು ಯಾರು' ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಮುಖ್ಯೋಪಾಧ್ಯಾಯರಾಗಿದ್ದೀರಿ, ಕೆಲವರು ಸರ್ಕಾರಿ ಇಲಾಖೆಗಳಲ್ಲಿದ್ದೀರಿ, ಹಲವರು ತಂದೆತಾಯಿಗಳಾಗಿದ್ದೀರಿ. ನಿಮ್ಮಿಂದ ನಾನು ಬಯಸುವುದು ಇಷ್ಟೆ. ಬರುವ ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ನಡೆಯುವಾಗ ನಿಮ್ಮ ಶಾಲೆಯ, ನಿಮ್ಮ ಮನೆಯ ಮಕ್ಕಳನ್ನು ದಡಕ್ಕೆ ಕರೆದುಕೊಂಡು ಹೋಗಿ. ಅಲ್ಲಿರುವ ಯಾವನಾದರೊಬ್ಬ ಹಿರಿಯನಿಗೆ ನಮಸ್ಕರಿಸಿ, ಇಂದು ಬೀಸುತ್ತಿರುವ ಗಾಳಿಗೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಮಕ್ಕಳಿಂದಲೇ ಕೇಳಿಸಿ. ಅವರು ಹೇಳಿದ ಹೆಸರನ್ನು ನನಗೂ ಬರೆದು ತಿಳಿಸಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗಿರುವುದು ಹನ್ನೊಂದು ಹೆಸರುಗಳು ಮಾತ್ರ.